ಎಡಗಣ್ಣಿನ ನೀಲಿ

ಆ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡುತ್ತಿದ್ದದ್ದು ಉಪ್ಪು ಹೆಚ್ಚಾಯಿತೆಂದೋ ಹಾಲು ಉಕ್ಕಿತೆಂದೋ ಅಲ್ಲ, ನೀಲಿ ಕಡಿಮೆಯಾಯಿತೆಂದು. ಕೇಳಿದವರು ನಗಬಹುದು. ನಗಲಿ. ಒಂದು ಕುರ್ಚಿಯ ಜಾಗದಲ್ಲಿ ಎರಡು ಕುರ್ಚಿ ತುರುಕಿಕೊಂಡು, ಕಂಪ್ಯೂಟರಿನ ಮುಂದೆ ಅವರಿಬ್ಬರು ಒಂದು ಹೂವಿಗಾಗಿ ಕಿತ್ತಾಡುವುದನ್ನು ಕೇಳಿದರೆ ಯಾರಾದರೂ ಆಸ್ತಿ ಪಾಲಾಗುತ್ತಿದೆ ಅಂದುಕೊಳ್ಳಬೇಕು.

"ಸಾಲದು ಕಣೇ. ಇನ್ನೊಂಚೂರು ನೀಲಿ ಹಾಕು."

"ಅತ್ತೆ, ಇದು ಈರುಳ್ಳಿ ಹೂವು. ಇನ್ನೂ ನೀಲಿ ಹಾಕಿದ್ರೆ ಈರುಳ್ಳಿಗೇ ಕಣ್ಣೀರು ಬರುತ್ತೆ."

"ಬರಲಿ ಬಿಡು. ಇಷ್ಟು ದಿನ ಎಲ್ಲರಿಗೂ ಅದೇ ತಾನೇ ತರಿಸಿದ್ದು. ಹಾಕು ಅಂದ್ರೆ ಹಾಕು."

ಸೊಸೆ ಹಾಕುತ್ತಿದ್ದಳು. ಮೊದಮೊದಲು ಹಲ್ಲು ಕಚ್ಚಿಕೊಂಡು, ಆಮೇಲಾಮೇಲೆ ಉಸಿರು ಬಿಗಿಹಿಡಿದುಕೊಂಡು.

ಅವಳ ಸಂಬಳದ ಕೆಲಸವೇ ಬೇರೆ. ಬಸ್ ನಿಲ್ದಾಣದ ಎದುರಿನ ಫೋಟೊ ಸ್ಟುಡಿಯೊದಲ್ಲಿ ಕೂತು ಕಂಡವರ ಮುಖದ ಮೊಡವೆ ಅಳಿಸುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು, ಬೊಕ್ಕತಲೆಯ ಹೊಳಪು ತಗ್ಗಿಸುವುದು. ಇದ್ದದ್ದನ್ನು ಇಲ್ಲವೆನ್ನಿಸಿ ಇನ್ನೊಬ್ಬರನ್ನು ಖುಷಿಪಡಿಸುವ ಕೆಲಸ. ಸಂಜೆ ಮನೆಗೆ ಬಂದರೆ ಮಾತ್ರ ಅವಳದೇ ರಾಜ್ಯ. ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಅಡುಗೆಗೆ ತಂದು ಮರೆತ ಈರುಳ್ಳಿ ಮೊಳಕೆಯೊಡೆದರೆ ಅದನ್ನು ಕುಂಡಕ್ಕೆ ಚುಚ್ಚುವಳು, ಕೀಳದೆ ಬಿಟ್ಟ ಮೂಲಂಗಿ ಹೂವಿಗೆ ಬರುವವರೆಗೆ ಕಾಯುವಳು. ಆಮೇಲೆ ಹತ್ತಿರದ ಲೆನ್ಸು ಹಾಕಿ, ಮೂಗು ಹೂವಿಗೆ ತಾಕುವಷ್ಟು ಬಗ್ಗಿ, ಫೋಟೊ ತೆಗೆಯುವಳು. ಉಗುರಿನಷ್ಟಿದ್ದ ಎಸಳು ಪರದೆಯ ಮೇಲೆ ಹೊಲದಷ್ಟು ಅಗಲವಾಗಿ ಹರಡಿಕೊಂಡು, ಅದರ ನರ ನರವೂ ಎದ್ದು ಕಂಡಾಗ ಅವಳಿಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತಿತ್ತು. ಇದೆಲ್ಲ ಇಲ್ಲೇ ಇತ್ತು, ತರಕಾರಿ ಬುಟ್ಟಿಯಲ್ಲೇ ಇತ್ತು, ನಮಗೆ ಕಾಣಲಿಲ್ಲ ಅಷ್ಟೆ ಎಂದು ಗಂಡನನ್ನು ಕರೆದು ಕರೆದು ತೋರಿಸುವಳು. ಲಿಫ್ಟ್ ರಿಪೇರಿ ಮಾಡಿ ಸುಸ್ತಾಗಿ ಬಂದಿರುತ್ತಿದ್ದ ಆತ "ಹೌದಲ್ಲ, ಎಷ್ಟು ದೊಡ್ಡದು" ಎಂದು ಊಟಕ್ಕೆ ಹೋಗುವನು.

ಅಲ್ಲಿಂದ ಮುಂದಿನದು ಪದರಗಳ ಕೆಲಸ. ಅವಳ ಹತ್ತಿರ ಹೂವಲ್ಲದ ಫೋಟೊಗಳ ದೊಡ್ಡ ರಾಶಿಯೇ ಇತ್ತು. ಸೀದುಹೋದ ಬಾಣಲೆಯ ತಳ, ನೀರಿನ ಟ್ಯಾಂಕಿನ ತುಕ್ಕು, ಮೆಟ್ಟಿಲ ಪಕ್ಕದ ಬಿರುಕು ಗೋಡೆ, ಅತ್ತೆಯ ಹೊಲಿಗೆ ಮೇಜಿನ ಮೇಲಿನ ಸೀಮೆಸುಣ್ಣದ ಗೀರು. ಇವನ್ನು ಹೂವಿನ ಮೇಲೆ ತೆಳ್ಳಗೆ, ಒಂದರ ಮೇಲೊಂದು ಹೊದಿಸುವುದು, ಬೇಡವಾದಲ್ಲಿ ಒರೆಸುವುದು, ಕೊನೆಗೆ ಬಣ್ಣದ ಫಿಲ್ಟರು ಹಾಕುವುದು. ತುಕ್ಕು ಹೊದ್ದ ಎಸಳು ಸಾವಿರ ವರ್ಷದ ತಾಮ್ರದ ತಗಡಾಗುತ್ತಿತ್ತು. ಬಾಣಲೆಯ ಕರಿ ಹೂವಿನ ಹಿಂದೆ ನಿಂತು ಆಕಾಶವಾಗುತ್ತಿತ್ತು. ಯಾವುದು ಏನಾಗುತ್ತದೆ ಎಂದು ಮಾಡುವವಳಿಗೂ ಮೊದಲೇ ತಿಳಿಯುತ್ತಿರಲಿಲ್ಲ.

ಬಣ್ಣದ ಹೊತ್ತಿಗೆ ಸರಿಯಾಗಿ ಅತ್ತೆ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಟೈಲರಮ್ಮ ಎಂದರೆ ಆ ಬೀದಿಯಲ್ಲಿ ಅವರೇ. ಬಟ್ಟೆ ತೋರಿಸಿದರೆ ಸಾಕು, ನೂಲಿನ ಡಬ್ಬಿಗೆ ಕೈಹಾಕಿ ಅದೇ ಬಣ್ಣದ ಉಂಡೆ ಎತ್ತುವರು ಎಂಬ ಹೆಸರು. ಅಂಥವರು "ನೀಲಿ ಸಾಲದು" ಅಂದಾಗ ಸೊಸೆ ಒಮ್ಮೆ ಹಟಕ್ಕೆ ಬಿದ್ದು, ತನ್ನ ಮನಸ್ಸಿನಂತೆ ಒಂದು ಚಿತ್ರ, ಅತ್ತೆಯ ಮಾತಿನಂತೆ ಒಂದು ಚಿತ್ರ ಮಾಡಿ ಎರಡನ್ನೂ ಸ್ಟುಡಿಯೊದ ಗಾಜಿನ ಕಿಟಕಿಯಲ್ಲಿ ತೂಗುಹಾಕಿದಳು. ಅವಳದರ ಮುಂದೆ ಜನ ಹಾದುಹೋದರು. ಅತ್ತೆಯದರ ಮುಂದೆ ನಿಂತರು. ಅಂಚೆಯವನು ಸೈಕಲ್ಲಿನಿಂದ ಇಳಿದು ನಿಂತ. ಬಸ್ಸಿಗೆ ಓಡುತ್ತಿದ್ದ ಹೆಂಗಸೊಬ್ಬಳು ಬಸ್ಸನ್ನು ಬಿಟ್ಟು ನಿಂತಳು. ಅದೊಂದು ಬೇರೆ ಲೋಕದ ನೀಲಿ. ಸಮುದ್ರದ ತಳದಲ್ಲಿ ಯಾರೋ ದೀಪ ಹಚ್ಚಿಟ್ಟ ಹಾಗೆ ಈರುಳ್ಳಿಯ ಪುಟ್ಟ ನಕ್ಷತ್ರಗಳು ಒಳಗಿನಿಂದ ಬೆಳಗುತ್ತಿದ್ದವು. ಸೊಸೆ ಹೊರಗೆ ಬಂದು ಜನರ ಹಿಂದೆ ನಿಂತು ನೋಡಿದಳು. ಅಬ್ಬಾ, ಇದನ್ನು ನಾನು ಮಾಡಿದೆನೇ ಎನ್ನಿಸಿತು. ಇಲ್ಲ, ಅತ್ತೆ ಮಾಡಿಸಿದರು ಎಂದು ತಕ್ಷಣವೇ ತಿದ್ದಿಕೊಂಡಳು.

ಕಲಾಮಂದಿರದವರ ಕಣ್ಣಿಗೂ ಬಿತ್ತು. ಪ್ರದರ್ಶನಕ್ಕೆ ಒಂದು ಇಡೀ ಕೋಣೆ ನಿಮಗೇ ಕೊಡುತ್ತೇವೆ, ನಾಲ್ಕು ಗೋಡೆ ತುಂಬಿಸಿ ಅಂದರು. ಮೊಡವೆ ಅಳಿಸಿ ಅಳಿಸಿ ಬೆರಳು ಸವೆದವಳಿಗೆ ನಾಲ್ಕು ಗೋಡೆ! ಎರಡು ಗೋಡೆಗಾಗುವಷ್ಟು ಚಿತ್ರವಿತ್ತು. ಉಳಿದದ್ದನ್ನು ಮಾಡಬೇಕು, ಅಷ್ಟೇ ತಾನೇ ಎಂದು ಅತ್ತೆ ಸೊಸೆ ಇಬ್ಬರೂ ಟೊಂಕ ಕಟ್ಟಿದರು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರಲ್ಲ, ಇಲ್ಲಿ ಅಕ್ಷರಶಃ ಕಣ್ಣಿನದೇ ಕಥೆಯಾಯಿತು. ಆ ವಾರವೇ ಅತ್ತೆಯ ಮಗನ ಲಿಫ್ಟ್ ಕೆಲಸದ ಸಮವಸ್ತ್ರದ ಪ್ಯಾಂಟು ಮೊಣಕಾಲಲ್ಲಿ ಹರಿದಿತ್ತು. ಅತ್ತೆ ಹೊಲಿದುಕೊಟ್ಟರು. ಆತ ಹಾಕಿಕೊಂಡು ಹೋದ, ಸಂಜೆ ಮುಖ ಊದಿಸಿಕೊಂಡು ಬಂದ.

"ಅಮ್ಮ, ಕಡುನೀಲಿ ಪ್ಯಾಂಟಿಗೆ ಕಂದು ನೂಲು ಹಾಕಿದ್ದೀಯಲ್ಲಮ್ಮ. ಇಡೀ ದಿನ ಎಲ್ಲರೂ ಮೊಣಕಾಲು ನೋಡಿ ನಗ್ತಿದ್ರು."

"ಯಾವನೋ ಅದು ಕಂದು ಅಂದವನು? ನೂಲು ನೋಡೋಕೆ ಬರಲ್ಲ ಅವನಿಗೆ" ಅಂದರು ಅತ್ತೆ. ಪ್ಯಾಂಟನ್ನು ಕಿಟಕಿಗೆ ಹಿಡಿದು ನೋಡಿದರು. ಮತ್ತೆ ನೋಡಿದರು. ಆಮೇಲೆ ಏನೂ ಮಾತಾಡದೆ ಮಡಚಿಟ್ಟರು. ನೂಲಿನ ವಿಷಯದಲ್ಲಿ ಅತ್ತೆ ಬಾಯಿಮುಚ್ಚಿದ್ದನ್ನು ಆ ಮನೆ ಅದೇ ಮೊದಲು ಕಂಡದ್ದು.

ಮಗ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ, ಸೊಸೆಯೂ ಹೋದಳು. ಡಾಕ್ಟರಮ್ಮ ಎರಡೂ ಕಣ್ಣಿಗೆ ದೀಪ ಬಿಟ್ಟು ನೋಡಿ "ಎರಡರಲ್ಲೂ ಪೊರೆ ಬಲಿತಿದೆ" ಅಂದರು. "ಮೊದಲು ಬಲಗಣ್ಣು ಮಾಡೋಣ, ಅದು ವಾಸಿಯಾದ ಮೇಲೆ ಎಡಗಣ್ಣು. ಹೆದರೋದೇನಿಲ್ಲ."

"ಬಣ್ಣ ತಪ್ಪೋದು ಯಾಕೆ ಡಾಕ್ಟ್ರೇ?" ಎಂದು ಮಗ ಕೇಳಿದ.

"ಪೊರೆ ಚಹಾ ಡಿಕಾಕ್ಷನ್ ಥರ ಆಗ್ಬಿಟ್ಟಿದೆ. ಹಳದಿ ಕೆಂಪು ಹೇಗೋ ನುಗ್ಗಿಕೊಂಡು ಒಳಗೆ ಹೋಗುತ್ವೆ. ನೀಲಿ ಮಾತ್ರ ಬಾಗಿಲಲ್ಲೇ ನಿಂತುಬಿಡುತ್ತೆ. ಪೊರೆ ತೆಗೆದ್ರೆ ಎಲ್ಲ ಸರಿಹೋಗುತ್ತೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಜನ ಆಡಿಕೊಳ್ಳುವುದನ್ನು ಸೊಸೆ ಕೇಳಿದ್ದಳು, ಆದರೆ ಆ ಹಳದಿಯ ಹಿಂದಿನಿಂದ ಯಾರಾದರೂ ಚಿತ್ರ ಮಾಡಿಸಿಯಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಸ್ಸು ಬಿಟ್ಟು ನಿಂತ ಹೆಂಗಸು, ಸೈಕಲ್ ಇಳಿದ ಅಂಚೆಯವನು, ಕಲಾಮಂದಿರದ ನಾಲ್ಕು ಗೋಡೆ, ಎಲ್ಲವೂ ನಿಂತಿದ್ದದ್ದು ಈ ಡಿಕಾಕ್ಷನ್ನಿನ ಮೇಲೆ. ಅದನ್ನೀಗ ತೆಗೆದುಬಿಡುತ್ತಾರೆ. ಬೇಡ ಅನ್ನಲು ಅವಳಿಗೆ ಯಾವ ಬಾಯಿ? ಬೇಕು ಅನ್ನಲೂ ಬಾಯಿ ಬರಲಿಲ್ಲ. ಬಿಸಿತುಪ್ಪ ಗಂಟಲಲ್ಲಿಟ್ಟುಕೊಂಡವಳಂತೆ ಆಸ್ಪತ್ರೆಯಿಂದ ಮನೆಯವರೆಗೆ ಬಂದಳು.

ಬಲಗಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಅತ್ತೆ ನೆಟ್ಟಗೆ ಅಡುಗೆಮನೆಗೆ ಹೋದರು. ಒಲೆ ಹತ್ತಿರ ಹೋಗಬೇಡಿ ಎಂದು ಸೊಸೆ ಕೂಗುವಷ್ಟರಲ್ಲಿ ಕಪ್ಪು ಕನ್ನಡಕ ಮೇಲೆತ್ತಿಕೊಂಡು, ಗ್ಯಾಸ್ ಹಚ್ಚಿ, ನಾಲ್ಕು ಹೆಜ್ಜೆ ದೂರ ನಿಂತು ನೋಡುತ್ತಿದ್ದರು.

"ಏ ಬಾರೇ ಇಲ್ಲಿ! ಬೆಂಕಿ ನೋಡೇ!"

"ಏನಾಯ್ತು ಅತ್ತೆ?"

"ನೀಲಿ ಕಣೇ! ಬುಡದಲ್ಲಿ ನೀಲಿ, ತುದಿಯಲ್ಲಿ ನೀಲಿ. ಒಲೆ ಹಳೇದಾಯ್ತು, ಉರಿ ಬಾಡಿಹೋಗಿದೆ ಅಂದುಕೊಂಡಿದ್ದೆ ನಾನು. ಎಷ್ಟು ಚೆನ್ನಾಗಿದೆಯಲ್ಲೇ!"

ನಲ್ಲಿಯ ನೀರು ನೋಡಿದರು. ಸ್ಟೀಲ್ ಪಾತ್ರೆ ನೋಡಿದರು. ಬಾಲ್ಕನಿಗೆ ಹೋಗಿ ಆಕಾಶ ನೋಡಿ "ಅಯ್ಯಪ್ಪಾ" ಎಂದು ಅಲ್ಲೇ ಕೂತುಬಿಟ್ಟರು. ಅವರ ಸಂಭ್ರಮ ನೋಡಿ ಸೊಸೆಗೂ ನಗು ಬಂತು, ಅಳುವೂ ಬಂತು. ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಅತ್ತೆ ಒಳಗೆ ಬಂದು ಪರದೆಯ ಮೇಲಿದ್ದ ಚಿತ್ರ ನೋಡಿದರು.

"ಇದ್ಯಾಕೆ ಹೀಗಿದೆ? ಇಂಕಿನ ಬಾಟ್ಲಿ ಯಾರು ಚೆಲ್ಲಿದ್ದು?"

ಸೊಸೆ ಅತ್ತೆಯ ಮುಖವನ್ನೇ ನೋಡಿದಳು.

"ನಾನಾ?"

"ನೀವೇ ಅತ್ತೆ."

ನಾಚಿಕೆಯಿಂದ ಅತ್ತೆಯ ಕಿವಿ ಕೆಂಪಾಗಿತ್ತು. "ಮುಗಿಯಿತು ಹೋಗು. ಟೈಲರಮ್ಮನ ಮರ್ಯಾದೆ ಊರ ಕಿಟಕಿಯಲ್ಲಿ ನೇತುಹಾಕಿದ್ದೀಯ" ಅಂದರು. ಆದರೂ ಬಿಡದೆ ಹೊಸ ಕಣ್ಣಲ್ಲಿ ಒಂದು ದಾಸವಾಳಕ್ಕೆ ಬಣ್ಣ ಹೇಳಿ ನೋಡಿದರು. ಚಿತ್ರ ಚೆನ್ನಾಗಿಯೇ ಬಂತು, ಸೋಪಿನ ಪೊಟ್ಟಣದ ಮೇಲೆ ಹಾಕುವಷ್ಟು ಚೆನ್ನಾಗಿ. ಹಳೆಯ ಬೆರಗು ಇದರಲ್ಲಿಲ್ಲ ಎಂದು ಇಬ್ಬರಿಗೂ ಅರ್ಥವಾಯಿತು. ಕೊನೆಗೆ ಅತ್ತೆ ಬಲಗಣ್ಣಿನ ಮುಂದೆ ಅಂಗೈಯನ್ನು ಮರೆಹಿಡಿದು, ಪೊರೆಯಿದ್ದ ಎಡಗಣ್ಣಲ್ಲಿ ಪರದೆಯನ್ನು ದಿಟ್ಟಿಸಿ, ಮೆಲ್ಲಗೆ ಅಂದರು:

"ನೀಲಿ ಸಾಲದು."

ಸೊಸೆಯ ಜೀವ ಜಿಗಿಯಿತು. ಇದೆ! ಇನ್ನೂ ಒಂದು ಕಣ್ಣಲ್ಲಿ ಇದೆ! ಅವತ್ತೇ ಬಾಲ್ಕನಿಯ ಮೂಲಂಗಿ ಹೂವನ್ನು ತೆರೆದಳು. ಮೂಲಂಗಿ ಹೂವನ್ನು ಹತ್ತಿರದಿಂದ ನೋಡಿದ್ದೀರಾ? ನಾಲ್ಕು ಬಿಳಿ ಎಸಳು, ಎಸಳಿನೊಳಗೆಲ್ಲ ನೇರಳೆ ನರಗಳು, ಅಂಗೈ ರೇಖೆಯಷ್ಟು ಸೂಕ್ಷ್ಮ. ಅತ್ತೆ ಒಂದು ಕಣ್ಣು ಮುಚ್ಚಿ ಹೇಳುತ್ತಾ ಹೋದರು, ಸೊಸೆ ಮಾಡುತ್ತಾ ಹೋದಳು. ಗೋಡೆಯ ಬಿರುಕು ಹೊದಿಸಿದಳು, ತುಕ್ಕು ಹೊದಿಸಿದಳು, ನೀಲಿ ಸುರಿದಳು. ಮುಗಿದಾಗ ಆ ಬಡ ಮೂಲಂಗಿ ಮಿಂಚು ಹರಿದ ರಾತ್ರಿಯ ಆಕಾಶವಾಗಿತ್ತು. ಇಲ್ಲಿಯವರೆಗೆ ಮಾಡಿದ್ದರಲ್ಲೆಲ್ಲ ಇದೇ ಮೇಲು. ಬಲಗಣ್ಣಲ್ಲಿ ನೋಡಿದ ಅತ್ತೆ "ನನಗಂತೂ ಇಂಕೇ" ಅಂದರು. ಆದರೆ ಸೊಸೆಯ ಮುಖ ನೋಡಿ ಮೆತ್ತಗಾದರು.

"ಒಂದು ಮಾತು ಹೇಳ್ತೀನಿ, ಕೇಳು. ಎಡಗಣ್ಣು ಹೀಗೇ ಇದ್ದುಬಿಡ್ಲಿ. ನೂಲು ಪೋಣಿಸೋಕೆ ಒಂದು ಕಣ್ಣು ಸಾಕು ನನಗೆ. ಇನ್ನೊಂದು ನಿನಗಿರ್ಲಿ."

ಬೇಡ ಅತ್ತೆ, ಎಂಥ ಮಾತು ಅನ್ನಬೇಕಿತ್ತು ಅವಳು. ಅನ್ನಲಿಲ್ಲ. "ನೋಡೋಣ" ಅಂದಳು. 'ನೋಡೋಣ' ಎಂಬುದಿದೆಯಲ್ಲ, ಅದರಂಥ ಹೇಡಿ ಮಾತು ಇನ್ನೊಂದಿಲ್ಲ. ಇಲ್ಲ ಅನ್ನುವ ಧೈರ್ಯವಿಲ್ಲದವರು, ಹೂಂ ಅನ್ನುವ ನಾಚಿಕೆಯಿರುವವರು ಆಡುವ ಮಾತು. ಅವಳಿಗೂ ಅದು ಗೊತ್ತಿತ್ತು.

ಎಡಗಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಹೋಗುವುದೋ ಬಿಡುವುದೋ ಎಂಬುದು ಮಾತ್ರ ಗೊತ್ತಾಗಲಿಲ್ಲ. ಹಿಂದಿನ ದಿನ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ ಸೊಸೆಗೊಂದು ಯೋಚನೆ ಹೊಳೆಯಿತು. ಪೊರೆ ಹೋದರೂ ಅದರ ನಕಲು ಉಳಿಯುವುದಾದರೆ? ಎಡಗಣ್ಣು ಕಾಣುವುದನ್ನೇ ಒಂದು ಫಿಲ್ಟರು ಮಾಡಿಟ್ಟುಕೊಂಡರೆ, ಆಮೇಲೆ ಪೊರೆ ತೆಗೆದರೂ ತನ್ನ ಕೆಲಸ ನಿಲ್ಲುವುದಿಲ್ಲ. ಬುದ್ಧಿವಂತೆ! ತನ್ನ ಜಾಣತನಕ್ಕೆ ತಾನೇ ಬೀಗುತ್ತಾ ಅತ್ತೆಯನ್ನು ಕರೆದು ಕೂರಿಸಿದಳು.

ಏನೂ ತಿದ್ದದ ಮೂಲಂಗಿ ಹೂವಿನ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟಳು. "ಅತ್ತೆ, ಈ ಕಡೆಯದನ್ನ ಎಡಗಣ್ಣಲ್ಲಿ ನೋಡಿ. ಆ ಕಡೆಯದನ್ನ ಬಲಗಣ್ಣಲ್ಲಿ. ಆ ಕಡೆಯದನ್ನ ನಾನು ಬದಲಾಯಿಸ್ತಾ ಹೋಗ್ತೀನಿ. ಎರಡೂ ಒಂದೇ ಥರ ಕಂಡಾಗ ಹೇಳಿ."

ಅತ್ತೆಗೆ ಇದು ನೂಲು ಹೊಂದಿಸುವ ಕೆಲಸದಂತೆ ಕಂಡು ಹುರುಪು ಬಂತು. ಒಂದು ಅಂಗೈ ಎತ್ತುವರು, ಇನ್ನೊಂದು ಇಳಿಸುವರು.

ಸೊಸೆ ತೆಳುವಾದ ಹಳದಿ ಹೊದಿಸಿದಳು. "ಇನ್ನೂ" ಅಂದರು ಅತ್ತೆ.

ಚಹಾದ ಬಣ್ಣ ಮಾಡಿದಳು. "ಇನ್ನೂ."

ಇಷ್ಟೇ ಇರಬೇಕೆಂದು ಕೈ ನಿಲ್ಲಿಸಿದಳು. "ಯಾಕೆ ನಿಲ್ಲಿಸಿದೆ? ಇನ್ನೂ ಕಣೇ. ಬೆಳಕೂ ಕಮ್ಮಿ ಮಾಡು."

ಬೆಳಕು ತಗ್ಗಿಸಿದಳು. ನೇರಳೆ ನರಗಳು ಒಂದೊಂದಾಗಿ ಮಾಯವಾದವು. "ಈಗ ಬಣ್ಣ ಹತ್ತಿರ ಬಂತು. ಆದ್ರೆ ಇದು ಇನ್ನೂ ಚೊಕ್ಕಟವಾಗಿದೆ. ನನ್ನದರಲ್ಲಿ ಮಬ್ಬಿದೆ" ಅಂದರು ಅತ್ತೆ. ಸೊಸೆ ರಾಶಿಯಲ್ಲಿ ಹುಡುಕಿ ಆವಿ ಕವಿದ ಗಾಜಿನ ಫೋಟೊ ಹೊದಿಸಿದಳು. ಸಾಲಲಿಲ್ಲ. ಎಣ್ಣೆ ಹತ್ತಿದ ಕಾಗದದ ಫೋಟೊ ಹೊದಿಸಿದಳು. "ಇನ್ನೂ." ಅದರ ಮೇಲೆ ಅದನ್ನೇ ಇನ್ನೊಮ್ಮೆ ಹೊದಿಸಿದಳು. ಅವಳ ಕೈ ಈಗ ತಾನಾಗಿ ನಿಧಾನವಾಗಿತ್ತು.

ಅತ್ತೆ ಅಂಗೈ ಎತ್ತಿದರು, ಇಳಿಸಿದರು, ಎತ್ತಿದರು. "ಹಾಂ. ಇದೇ. ಎಳೆಗೆ ಎಳೆ ಹೊಂದಿತು."

ಪರದೆಯ ಮೇಲೆ ಹೂವಿರಲಿಲ್ಲ. ಒದ್ದೆ ರಟ್ಟಿನ ಬಣ್ಣದ ಒಂದು ಮಸುಕು ಗುರುತಿತ್ತು. ಸೊಸೆ ತನ್ನ ಯೋಜನೆಯಂತೆ ಹೊಸದೊಂದು ಗುಲಾಬಿಯ ಮೇಲೆ ಆ ಫಿಲ್ಟರನ್ನು ಹೊದಿಸಿ, ಅತ್ತೆ ಮಾಡಿಸುತ್ತಿದ್ದಂತೆ ತಾನೇ ನೀಲಿ ಹಾಕಲು ಹೊರಟಳು. ಎಲ್ಲಿ ಹಾಕುವುದು? ಎಸಳು ಯಾವುದು, ನೆರಳು ಯಾವುದು? ತಡಕಾಡಿದಳು, ತಡಕಾಡಿ ಸೋತಳು. ಆ ಕತ್ತಲಲ್ಲಿ ಅವಳ ಕೈಗೆ ಹೂವೇ ಸಿಗಲಿಲ್ಲ.

ಏನೋ ತೋಚಿ, ಆ ಫಿಲ್ಟರನ್ನು ಈಗಾಗಲೇ ಮಾಡಿ ಮುಗಿಸಿದ್ದ ಮೂಲಂಗಿಯ ಮೇಲೆ, ಮಿಂಚು ಹರಿದ ಆ ಕಡುನೀಲಿ ಚಿತ್ರದ ಮೇಲೆ, ಎಳೆದಳು. ಎಳೆದವಳು ಹಾಗೇ ಕಲ್ಲಾಗಿ ಕೂತಳು.

ನೀಲಿ ಹೋಗಿತ್ತು. ಮಿಂಚು ಹೋಗಿತ್ತು. ಅಲ್ಲಿದ್ದದ್ದು ಮೂಲಂಗಿ ಹೂವು. ನಾಲ್ಕು ಬೆಳ್ಳಗಿನ ಎಸಳು, ನೇರಳೆ ನರ, ಬಾಲ್ಕನಿಯ ಕುಂಡದಲ್ಲಿ ಆ ಕ್ಷಣಕ್ಕೆ ನಿಂತಿದ್ದ ಹೂವು ಹೇಗಿತ್ತೋ ಹೆಚ್ಚೂಕಡಿಮೆ ಹಾಗೇ. ಸೊಸೆ ಎದ್ದು ಬಾಲ್ಕನಿಗೆ ಹೋಗಿ ಹೂವನ್ನು ನೋಡಿ ಬಂದಳು. ಮತ್ತೆ ಪರದೆ ನೋಡಿದಳು. ಬೇರೆ ಲೋಕದ ಬಣ್ಣವನ್ನು ಅತ್ತೆ ಯಾವತ್ತೂ ಕೇಳಿರಲೇ ಇಲ್ಲ. ಇಷ್ಟು ದಿನವೂ ಅವರು ಕೇಳಿದ್ದು ಹೂವನ್ನು, ಇದ್ದ ಹಾಗಿನ ಹೂವನ್ನು. ಆ ಮಣ್ಣು ಬಣ್ಣದ ಕತ್ತಲೊಳಗೆ ಕೂತು, ಹೂವು ಹೀಗಿರುತ್ತಿತ್ತು ಎಂಬ ನೆನಪೊಂದನ್ನೇ ಹಿಡಿದುಕೊಂಡು, ಇನ್ನೊಂಚೂರು, ಇನ್ನೊಂಚೂರು ಎಂದು ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಊರೆಲ್ಲ ನಿಂತು ಬೆರಗಾದದ್ದು ಆ ಎಳೆತಕ್ಕೆ. ಪೊರೆಗೇನು ಗೊತ್ತು ಚಿತ್ರ! ಪೊರೆಯ ಹಿಂದಿನಿಂದ ಕಂಡುಹಿಡಿದದ್ದು ಈ ಮುದುಕಿ. ಸೊಸೆಗೆ ಅತ್ತೆಯ ಕಾಲಿಗೆ ಬೀಳಬೇಕೆನ್ನಿಸಿತು, ಬೀಳಲು ಕುರ್ಚಿ ಸರಿಸುವಷ್ಟು ಜಾಗವಿರಲಿಲ್ಲ.

ಇನ್ನೊಂದು ನೋಡಿಬಿಡಬೇಕಿತ್ತು. ಹೆದರುತ್ತಲೇ, ತನ್ನದೇ ಒಂದು ಫೋಟೊ ತೆರೆದು ಅದರ ಮೇಲೆ ಫಿಲ್ಟರು ಹೊದಿಸಿದಳು.

"ಅತ್ತೆ, ಇದ್ಯಾರು ಹೇಳಿ?"

ಅತ್ತೆ ಹೊಸ ಕಣ್ಣಲ್ಲಿ ಬಗ್ಗಿ ನೋಡಿದರು. "ಯಾರೋ ಹೆಂಗಸು. ಮುಖವೇ ಇಲ್ವಲ್ಲೇ. ಮೇಲಿನ ಮನೆಯವಳಾ?"

"ನಾನು."

ಅತ್ತೆ ಸೊಸೆಯನ್ನು ನೋಡಿದರು, ಪರದೆಯನ್ನು ನೋಡಿದರು. ಬಲಗಣ್ಣು ಮುಚ್ಚಿ ಸೊಸೆಯನ್ನು ಇನ್ನೊಮ್ಮೆ ನೋಡಿದರು. "ಹೌದಲ್ವೇ" ಅಂದರು ಸಣ್ಣ ದನಿಯಲ್ಲಿ. "ಹೀಗೇ ಇದ್ದೆ ನೀನು. ನನಗೇ ಗೊತ್ತಿರ್ಲಿಲ್ಲ ನೋಡು. ಒಂದೇ ಸಲ ಆಗಿದ್ರೆ ಕಿರುಚಿಕೊಳ್ತಿದ್ದೆ. ದಿನಾ ಒಂದು ಚೂರು ಕತ್ತಲಾದ್ರೆ ಯಾರಿಗೆ ತಿಳಿಯುತ್ತೆ?"

"ನಾನು ಎದುರಿಗೆ ಕೂತು ದಿನಾ ಮಾತಾಡ್ತಿದ್ದೆ..."

"ದನಿ ಇತ್ತಲ್ಲೇ. ನಿನ್ನ ದನಿಗೇನು ಕಮ್ಮಿಯಾ?"

ಸೊಸೆ ಅತ್ತಳು. ಮೂಗು ಒರೆಸಿಕೊಂಡು ಫೋನ್ ತೆಗೆದು, ಕಲಾಮಂದಿರದವರಿಗೆ ಅತ್ತೆಯ ಎದುರೇ ಮಾತಾಡಿದಳು. ಎರಡು ಗೋಡೆಗಾಗುವಷ್ಟೇ ಚಿತ್ರವಿದೆ, ಇನ್ನು ಆಗುವುದಿಲ್ಲ, ಉಳಿದೆರಡು ಖಾಲಿ ಬಿಡಿ, ಇಲ್ಲವಾದರೆ ಬೇರೆ ಯಾರಿಗಾದರೂ ಕೊಡಿ.

"ಹುಚ್ಚೇನೇ ನಿನಗೆ?" ಅತ್ತೆ ಗದರಿದರು. "ಎಡಗಣ್ಣು ಇಟ್ಕೋ ಅಂದಿದ್ದೆನಲ್ಲ."

"ನನಗೆ ಬೇಡ ಅತ್ತೆ. ಇಂಥ ಕತ್ತಲಲ್ಲಿ ನಿಮ್ಮನ್ನ ಒಂದು ದಿನಾನೂ ಕೂರಿಸಲ್ಲ."

ಅತ್ತೆ ತಕರಾರು ಮಾಡಲಿಲ್ಲ. ಪರದೆಯ ಮೇಲಿನ ಮುಖವಿಲ್ಲದ ಹೆಂಗಸನ್ನೇ ನೋಡುತ್ತಿದ್ದರು.

"ತೆಗಿಯೇ ಅದನ್ನ" ಅಂದರು.

ಸೊಸೆ ಒಂದು ಬಟನ್ ಒತ್ತಿದಳು. ಕಂದು ಮಬ್ಬು ಸರಿದು ಅವಳ ಮುಖ ಬಂತು, ಗಲ್ಲದ ಮಚ್ಚೆ ಸಹಿತ.

"ಇಷ್ಟು ಸುಲಭನಾ?"

"ಇಲ್ಲಿ ಸುಲಭ ಅತ್ತೆ."

"ಅಲ್ಲೂ ಸುಲಭ ಅಂತಾರೆ ಡಾಕ್ಟರಮ್ಮ" ಅಂದು ಅತ್ತೆ ಖಾಲಿ ಲೋಟ ಹಿಡಿದು ಎದ್ದರು. "ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು ಹೇಳು, ಬೇಗ ಮಲಗ್ತೀನಿ."